ನಕಾಶೆಯ ನಂಬರಿನಿಂದ ಹಿರಿಯರ ಹೆಸರಿಗೆ

ಊರ ನಕಾಶೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಹಾದಿ, ಹಳ್ಳ, ಸರ್ವೆ ನಂಬರು, ಇಷ್ಟೇ. ಆದರೆ ಮನೆತನದ ಹಿರಿಯರನ್ನು ಹುಡುಕಲಿಕ್ಕೆ ಆ ನಂಬರೇ ಸಾಕು.

ಅಥಣಿ, ಚಿಕ್ಕೋಡಿ ಭಾಗ 1956ರ ತನಕ ಮುಂಬಯಿ ಆಡಳಿತದಲ್ಲಿತ್ತು. ರಾಯಬಾಗ 1949ರ ತನಕ ಕೊಲ್ಹಾಪುರ ಸಂಸ್ಥಾನದ್ದು. ಹೀಗಾಗಿ ಹಳೇ ಕಾಗದ ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ ಸಿಗುತ್ತವೆ. ಮೋಡಿ ಬಲ್ಲ ಹಿರಿಯರಿಂದ ಓದಿಸಿಕೊಳ್ಳಿರಿ.

ಈಗಿನ ಉತಾರದಲ್ಲಿ 47/3 ಅಂತಿದ್ದರೆ 47 ಮೂಲ ನಂಬರು, 3 ಹಿಸ್ಸಾ. ಹಿಸ್ಸಾ ಬಿದ್ದದ್ದು ವಾಟಣಿಯಿಂದಲೋ ಮಾರಾಟದಿಂದಲೋ ಎಂಬುದು ನಕಾಶೆಯಿಂದ ತಿಳಿಯದು. ಅದಕ್ಕೆ ತಹಸೀಲ್ದಾರ ಕಚೇರಿಯಲ್ಲಿ ಮೂಲ ನಂಬರಿನ ಕೈಬರಹದ ಉತಾರಗಳ ನಕಲು ಕೇಳಿರಿ. ಅದರಲ್ಲಿ ಡೈರಿ ನಂಬರು ಇರುತ್ತದೆ. ಆ ಡೈರಿ ತೆಗೆಸಿದರೆ ಯಾರು ತೀರಿಕೊಂಡರು, ವಾರಸದಾರರು ಯಾರು ಎಂಬುದು ಗೊತ್ತಾಗುತ್ತದೆ. ಹೀಗೇ ಒಂದೊಂದೇ ಡೈರಿ ಹಿಂದಕ್ಕೆ ಹೋಗಬೇಕು.

ಎರಡು ಗುರುತು ನೆನಪಿಡಿರಿ. ‘ಏ.ಕು.ಮ್ಯಾ.’ ಅಂದರೆ ಏಕತ್ರ ಕುಟುಂಬದ ಮ್ಯಾನೇಜರ. ಹೆಸರು ಅಣ್ಣನದಷ್ಟೇ ಇದ್ದರೂ ತಮ್ಮಂದಿರು ಇರಬಹುದು. ‘ಅ.ಪಾ.ಕ.’ ಅಂದರೆ ಸಣ್ಣ ಮಕ್ಕಳ ಪಾಲಕರು.

ನಮ್ಮ ಒಂದು ಹಿಸ್ಸಾ ಯಾರದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡೈರಿಯಲ್ಲಿ ಅ.ಪಾ.ಕ. ಅಂತ ಒಬ್ಬ ಹೆಣ್ಣುಮಗಳ ಹೆಸರು ಸಿಕ್ಕಿತು. ಮುತ್ತಜ್ಜನ ತಮ್ಮನ ಹೆಂಡತಿ, ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮಿರಜ ಕಡೆ ಹೋದವಳು. ಮನೆಯವರು ಹೇಳುವ ವಂಶಾವಳಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. ಈಗ ಆಕೆಯ ಮೊಮ್ಮಕ್ಕಳು ನಮ್ಮ ಮನೆಯ ಮದುವೆ-ಮುಂಜಿಗೆ ಬರುತ್ತಾರೆ.

ಹಳೇ ನಕಾಶೆ ಹಿಡಿದು ಬದುವಿನ ಜಗಳ ಮಾತ್ರ ತೆಗೆಯಬೇಡಿರಿ. ಬದು ತೋರಿಸುವುದು ಭೂಮಾಪಕರ ಕೆಲಸ.