ಕಲ್ಲು ನೆಲದಡಿಯ ಕೋಣೆ: ನಂಬಿಕೆ ಯಾವುದು, ನಿಜ ಯಾವುದು

ಕೂಟಗಲ್, ರಾಮನಗರದ ಕಡೆ ಇಳಿಜಾರಿನ ನಿವೇಶನದಲ್ಲಿ ಮನೆ ಕಟ್ಟುವವರಿಗೆ ಒಂದು ಆಸೆ ಹುಟ್ಟುವುದು ಸಹಜ. ರಸ್ತೆ ಮಟ್ಟಕ್ಕೆ ಪಾಯ ಎತ್ತಿದರೆ ಹಿಂಬದಿಯಲ್ಲಿ ಏಳೆಂಟು ಅಡಿ ಹೇಗೂ ಖಾಲಿ ಉಳಿಯುತ್ತದೆ. ಅದಕ್ಕೆ ಲೋಡುಗಟ್ಟಲೆ ಮಣ್ಣು ಹೊಡೆಸುವ ಬದಲು ಸೆಲ್ಲರ್ ಮಾಡಿ, ಟೈಲ್ಸ್ ಹಾಕಿಸಿ, ಮಕ್ಕಳಿಗೊಂದು ಓದುವ ಕೋಣೆ ಮಾಡಿಕೊಟ್ಟರೆ ತಪ್ಪೇನು? ತಪ್ಪೇನೂ ಇಲ್ಲ. ಆದರೆ ಅಂಥ ಕೋಣೆಯ ಬಗ್ಗೆ ಜನರ ಬಾಯಲ್ಲಿರುವ ಕೆಲವು ಮಾತುಗಳನ್ನು ನಂಬಿ ದುಡ್ಡು ಸುರಿದರೆ, ಎರಡನೇ ಮಳೆಗಾಲಕ್ಕೆ ಅಲ್ಲಿ ಹಳೇ ಸಾಮಾನು ಮಾತ್ರ ಇರುತ್ತದೆ.

“ಅಡಿಯಲ್ಲಿ ಹಾಸುಬಂಡೆ ಇದೆ, ನೀರೆಲ್ಲಿಂದ ಬರುತ್ತೆ?”

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ಬಂಡೆ ನೀರು ಹೀರುವುದಿಲ್ಲ ಎಂಬುದು ನಿಜ. ಕಷ್ಟ ಇರುವುದೂ ಅಲ್ಲೇ. ಗುಡ್ಡದ ಮೇಲೆ ಬಿದ್ದ ಮಳೆ ಮೇಲ್ಮಣ್ಣಿನಲ್ಲಿ ಇಂಗುತ್ತದೆ. ಕೆಳಗೆ ಬಂಡೆ ಸಿಕ್ಕಿದಾಗ ಅದರ ಬೆನ್ನ ಮೇಲೆಯೇ ಇಳಿಜಾರಿಗೆ ಸರಿಯುತ್ತದೆ. ಬೋರ್‌ವೆಲ್ ಬತ್ತಿದ ಜಾಗದಲ್ಲೂ ಹೀಗಾಗಬಹುದು, ಏಕೆಂದರೆ ಬೋರ್‌ವೆಲ್ಲಿನದು ನೂರಾರು ಅಡಿ ಕೆಳಗಿನ ಬಿರುಕಿನ ನೀರು, ಇದು ಕೆಲವೇ ಅಡಿ ಆಳದ್ದು. ಬಂಡೆ ಒಡೆಸಿ ಸೆಲ್ಲರ್ ತೋಡಿದರೆ ಆ ನೀರಿಗೆ ಅಡ್ಡಲಾಗಿ ತೊಟ್ಟಿ ಕಟ್ಟಿದಂತೆ. ಗೋಡೆ ಎದ್ದ ಮೇಲೆ, ಬಂಡೆಗೂ ಗೋಡೆಗೂ ನಡುವೆ ಉಳಿದ ಸಂದಿಗೆ ಇಟ್ಟಿಗೆ ಚೂರು, ಸಡಿಲ ಮಣ್ಣು ತುಂಬಿ ಮುಚ್ಚಿಬಿಡುತ್ತಾರೆ. ಮಳೆ ನಿಂತ ಮೇಲೂ ಅಲ್ಲಿ ನೀರು ನಿಂತೇ ಇರುತ್ತದೆ. ಸುತ್ತ ಬಂಡೆ, ಅದಕ್ಕೆ ಉಳಿದಿರುವ ದಾರಿ ನಿಮ್ಮ ಗೋಡೆಯೊಂದೇ.

ಆ ಸಂದಿಗೆ ಜಲ್ಲಿ ತುಂಬಿಸಿ, ತಳದಲ್ಲಿ ತೂತಿನ ಪೈಪು ಇಟ್ಟು, ಕೆಳಬದಿಗೆ ನೀರು ತಾನಾಗಿ ಹರಿದುಹೋಗುವಂತೆ ಮಾಡಿಸಿ. ಕಟ್ಟುವಾಗ ಇದರ ಖರ್ಚು ಕಡಿಮೆ. ಕಟ್ಟಿದ ಮೇಲಾದರೆ ಅಂಗಳವನ್ನೇ ಅಗೆಯಬೇಕು. ಕಲ್ಲು ಸೀಮೆಗೆ ನೆರೆ ಬರುವುದಿಲ್ಲ ಎನ್ನುವವರು 2022ರ ಆಗಸ್ಟ್ ಕೊನೆಯ ಮಳೆಯನ್ನು ನೆನೆಸಿಕೊಳ್ಳಲಿ. ರಾಮನಗರದ ಮನೆಗಳಿಗೂ ಬೆಂಗಳೂರು–ಮೈಸೂರು ಹೆದ್ದಾರಿಗೂ ಆಗ ನೀರು ನುಗ್ಗಿತ್ತು.

“ಒಳಗೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕು”

ಸಾಲದು. ಹೊರಗೆ ಒಂದು ಮೀಟರ್ ಎತ್ತರ ನೀರು ನಿಂತರೆ, ಬುಡದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಒಂದು ಟನ್ ಒತ್ತಡ ಬೀಳುತ್ತದೆ. ಒಳಗಿನ ಪೇಂಟನ್ನು ಆ ನೀರು ಹಿಂದಿನಿಂದ ತಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಬಿಳಿ ಉಪ್ಪು, ಆಮೇಲೆ ಉದುರುವ ಗಾರೆ. ತಡೆ ಇರಬೇಕಾದ್ದು ಗೋಡೆಯ ಹೊರಮೈಗೆ, ಮಣ್ಣು ತುಂಬುವ ಮೊದಲು.

ಈಗಾಗಲೇ ಸೆಲ್ಲರ್ ಇದ್ದರೆ, ಖರ್ಚಿಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ತೇವ ಕಂಡರೆ ನೀರು ಮಣ್ಣಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಮೇಲೆ ಹನಿ ಕೂತಿದ್ದರೆ ಅದು ಗಾಳಿಯಲ್ಲಿದ್ದ ತೇವ; ಅದಕ್ಕೆ ಬೇಕಾದ್ದು ಬೇರೆ ಮದ್ದು.

“ನೆಲದಡಿ ತಂಪು, ಹಾಗಾಗಿ ಆರೋಗ್ಯಕ್ಕೆ ಒಳ್ಳೇದು”

ತಂಪು ಹೌದು. ಆದರೆ ಮುಂಗಾರಿನ ತೇವದ ಗಾಳಿ ಆ ತಣ್ಣನೆಯ ಗೋಡೆಗೆ ತಾಗಿದರೆ ಬೆವರೊಡೆಯುತ್ತದೆ, ಬೂಷ್ಟು ಹಿಡಿಯುತ್ತದೆ. ನಮ್ಮ ಹಿರಿಯರು ನೆಲದಡಿಯ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಹಗೇವಿನಲ್ಲಿ ರಾಗಿ ಕೆಡದಿರುವುದಕ್ಕೆ ಕಾರಣವೇ ಗಾಳಿ ಆಡದಿರುವುದು. ಹುಳು ಬದುಕದ ಜಾಗ ಅದು. ಮುಚ್ಚಳ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಆ ಎಚ್ಚರ ನಮಗೂ ಬೇಕು. ರೇಷ್ಮೆ ಸಾಕುವವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ: ಗಾಳಿಯಾಡದ, ತೇವ ಹೆಚ್ಚಿದ ಮನೆಯಲ್ಲಿ ಹುಳುವಿಗೆ ಸುಣ್ಣಕಟ್ಟು ರೋಗ ಬರುತ್ತದೆ ಎಂದು ಕಿಟಕಿಯ ಬಗ್ಗೆ ಅಷ್ಟು ಕಾಳಜಿ ಮಾಡುತ್ತೇವೆ. ಮಕ್ಕಳು ಓದುವ ಕೋಣೆಗೆ ಅಷ್ಟಾದರೂ ಬೇಡವೇ?

ಗಾಳಿ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ನಮ್ಮ ಕಲ್ಲಿನಲ್ಲೇ ಇದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಹೆಸರು ಪಡೆದ ಕ್ಲೋಸ್‌ಪೇಟ್ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಗ್ರಾನೈಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಯುರೇನಿಯಂ ಇರುತ್ತದೆ. ಅದು ಕ್ಷಯಿಸುತ್ತಾ ರೇಡಾನ್ ಎಂಬ ಅನಿಲ ಹುಟ್ಟಿ ನೆಲದ ಬಿರುಕಿನಿಂದ ಮೇಲೇಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಇದು ದೊಡ್ಡ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆದರಿ ಊರು ಬಿಡಬೇಕಿಲ್ಲ. ಕಿಟಕಿ ತೆರೆದಿರುವ ಮೇಲಂತಸ್ತಿನಲ್ಲಿ ಅದು ಚದುರಿಹೋಗುತ್ತದೆ. ನಿಲ್ಲುವುದು ಮುಚ್ಚಿದ ನೆಲಮಾಳಿಗೆಯಲ್ಲಿ. ನೆಲದ ಬಿರುಕು, ಪೈಪಿನ ಸಂದಿ ಮುಚ್ಚಿಸಿ; ಎದುರುಬದುರು ಕಿಟಕಿ ಇಡಿಸಿ.

“ನಮ್ಮ ಜಾಗ, ಏನು ಬೇಕಾದರೂ ಮಾಡಬಹುದು”

ರಾಷ್ಟ್ರೀಯ ಕಟ್ಟಡ ಸಂಹಿತೆ ನೆಲಮಾಳಿಗೆಯನ್ನು ದಾಸ್ತಾನು, ವಾಹನ ನಿಲುಗಡೆಯಂಥ ಬಳಕೆಗೆ ಸೀಮಿತಗೊಳಿಸಿದೆ. ಎತ್ತರ ಕನಿಷ್ಠ 2.4 ಮೀಟರ್ ಇರಬೇಕು, ಸೂರು ಸುತ್ತಲ ನೆಲಕ್ಕಿಂತ ಕನಿಷ್ಠ 0.9 ಮೀಟರ್ ಮೇಲಿರಬೇಕು ಎನ್ನುತ್ತದೆ. ಇದು ಬರೀ ಕಾಗದದ ಮಾತಲ್ಲ. 2024ರ ಜುಲೈ 27ರಂದು ದೆಹಲಿಯ ಹಳೇ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ದಾಸ್ತಾನಿಗೆಂದು ಅನುಮತಿ ಇದ್ದ ಜಾಗದಲ್ಲಿ ಗ್ರಂಥಾಲಯ ನಡೆಯುತ್ತಿತ್ತು.

ನಮ್ಮ ಇಳಿಜಾರಿನಲ್ಲಿ ಇಂಥ ನೆಲಮಾಳಿಗೆಗಿಂತ ಒಳ್ಳೆಯ ದಾರಿಯಿದೆ. ನಾಲ್ಕೂ ಕಡೆ ಮಣ್ಣಿನಲ್ಲಿ ಹೂಳುವ ಬದಲು, ಕೆಳಬದಿಯ ಗೋಡೆಯನ್ನು ಪೂರ್ತಿ ಬಯಲಿಗೆ ತೆರೆಯಿರಿ. ದೊಡ್ಡ ಕಿಟಕಿ, ಜೊತೆಗೆ ಮೆಟ್ಟಿಲು ಹತ್ತದೆ ನೇರ ಅಂಗಳಕ್ಕೆ ಹೋಗುವ ಬಾಗಿಲು ಇಡಿ. ಅಂಗಳದ ನೆಲ ಕೋಣೆಯ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿರಲಿ. ಈ ನಕ್ಷೆಗೆ ಪಂಚಾಯಿತಿ ಇಲ್ಲವೇ ಪ್ರಾಧಿಕಾರದ ಒಪ್ಪಿಗೆಯನ್ನು ಜೆಸಿಬಿ ಕರೆಸುವ ಮೊದಲೇ ಪಡೆಯಿರಿ.