ತೆಂಡೆಗೆ ತಡೆ ಹಾಕುವ ಜೀನ್

ರಾಗಿಯೂ ಭತ್ತವೂ ತೆಂಡೆ ಒಡೆದು ಹರಡುತ್ತವೆ. ದಾವಣಗೆರೆ, ಹಾವೇರಿಯ ಹೊಲಗಳಲ್ಲಿ ಕಾಣುವ ಮೆಕ್ಕೆಜೋಳ ಮಾತ್ರ ಒಂಟಿ ದಂಟಾಗಿ ನೆಟ್ಟಗೆ ಏಳುತ್ತದೆ. ಅದರ ಪೂರ್ವಜನ ಸ್ವಭಾವ ಹೀಗಿರಲಿಲ್ಲ. ಮೆಕ್ಸಿಕೊದ ಬಾಲ್ಸಾಸ್ ನದಿ ಕಣಿವೆಯಲ್ಲಿ ಈಗಲೂ ಬೆಳೆಯುವ ಟಿಯೊಸಿಂಟೆ ಎಂಬ ಕಾಡುಹುಲ್ಲು ಕವಲೊಡೆದು ಪೊದೆಯಾಗುತ್ತದೆ. ಉದ್ದನೆಯ ಕವಲುಗಳ ತುದಿಯಲ್ಲೆಲ್ಲ ಗಂಡು ಹೂಗೊಂಚಲು. ತೆನೆ ಬೆರಳುದ್ದ, ಅದರಲ್ಲಿ ಐದರಿಂದ ಹನ್ನೆರಡು ಕಾಳು, ಒಂದೊಂದಕ್ಕೂ ಕಲ್ಲಿನಂಥ ಕವಚ. ಇದೇ ಮೆಕ್ಕೆಜೋಳದ ಮೂಲವೇ ಎಂದು ಸಸ್ಯವಿಜ್ಞಾನಿಗಳೇ ದಶಕಗಟ್ಟಲೆ ಜಗಳವಾಡಿದರೆಂದರೆ ಆಶ್ಚರ್ಯವಿಲ್ಲ.

ಅಲ್ಲಿನ ಜನ ಸುಮಾರು 9,000 ವರ್ಷಗಳ ಹಿಂದೆ ಈ ಹುಲ್ಲನ್ನು ಪಳಗಿಸಿದರು. ಪೊದೆ ಒಂಟಿ ದಂಟಾದದ್ದು ಹೇಗೆ? ಅಮೆರಿಕದ ಜಾನ್ ಡೋಬ್ಲಿ ಮತ್ತು ಸಂಗಡಿಗರು 1997ರಲ್ಲಿ ಬೊಟ್ಟು ಮಾಡಿದ್ದು ‘ಟಿಬಿ1’ ಎಂಬ ಜೀನ್ ಕಡೆಗೆ. ಇದು ಬೇರೆ ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ನಿಯಂತ್ರಕ ಜೀನ್. ಎಲೆಯ ಕಂಕುಳಲ್ಲಿರುವ ಮೊಗ್ಗಿನೊಳಗೆ ಇದರ ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡು ಬೆಳವಣಿಗೆಯನ್ನು ತಡೆಯುತ್ತದೆ. ಮೊಗ್ಗು ಉದ್ದ ಕವಲಾಗುವ ಬದಲು ಗಿಡ್ಡಗೇ ಉಳಿದು, ಅದರ ತುದಿಯಲ್ಲಿ ಗಂಡು ಹೂವಿನ ಜಾಗಕ್ಕೆ ತೆನೆ ಬರುತ್ತದೆ.

ನನಗೆ ಸೋಜಿಗವೆನಿಸುವುದು ಮುಂದಿನ ಸಂಗತಿ. ಟಿಬಿ1 ಟಿಯೊಸಿಂಟೆಯಲ್ಲೂ ಇದೆ, ಕೆಲಸವೂ ಅದೇ. ಗಿಡಗಳು ಒತ್ತೊತ್ತಾಗಿದ್ದರೆ ಅದೂ ಕವಲು ಕಡಿಮೆ ಮಾಡಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಈ ಜೀನ್ ಸುಮಾರು ಎರಡು ಪಟ್ಟು ಚುರುಕಾಗಿದೆ, ಅಷ್ಟೇ. ಅದಕ್ಕೆ ಕಾರಣ 2011ರಲ್ಲಿ ತಿಳಿಯಿತು: ಜೀನ್‌ನಿಂದ ಸುಮಾರು 60,000 ಡಿಎನ್‌ಎ ಅಕ್ಷರಗಳಾಚೆ ‘ಹಾಪ್‌ಸ್ಕಾಚ್’ ಎಂಬ ಜಿಗಿಯುವ ತುಣುಕೊಂದು ಬಂದು ಕೂತಿತ್ತು. (ಇಂಥ ತುಣುಕುಗಳನ್ನು ಮೊದಲು ಪತ್ತೆಮಾಡಿದ್ದೂ ಮೆಕ್ಕೆಜೋಳದಲ್ಲೇ, ಅದಕ್ಕಾಗಿ ಬಾರ್ಬರಾ ಮೆಕ್‌ಕ್ಲಿಂಟಾಕ್‌ಗೆ 1983ರಲ್ಲಿ ನೊಬೆಲ್ ಬಂತು.) ಈ ಜಿಗಿತ ಬೇಸಾಯ ಶುರುವಾಗುವ ಮೊದಲೇ ನಡೆದಿತ್ತು. ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಅಂಥ ಗಿಡಗಳ ಬೀಜವನ್ನು ಜನ ಆರಿಸಿ ಬಿತ್ತಿದರು.

ಕಾಳಿನ ಕವಚ ಕಳಚಿದ್ದು ಮತ್ತೊಂದು ನಿಯಂತ್ರಕ ಜೀನ್‌ನಿಂದ. ಅಲ್ಲಿ ಬದಲಾದದ್ದು ಪ್ರೋಟೀನಿನ ಒಂದೇ ಒಂದು ಅಮೈನೊ ಆಮ್ಲ.

ಭತ್ತದಲ್ಲೂ ಟಿಬಿ1ರ ಸೋದರ ಜೀನ್ ಇದೆ. ಅದು ಕೆಟ್ಟರೆ ತೆಂಡೆಗಳೇನೋ ಹೆಚ್ಚುತ್ತವೆ, ಆದರೆ ದಂಟು ಸಣಕಲಾಗುತ್ತದೆ. ತೆಂಡೆ ಎಣಿಸಿ ಇಳುವರಿ ಅಳೆಯಲು ಹೋಗಬೇಡಿ.