ಹೊಟ್ಟೆ ತುಂಬಿದ್ರೂ ಹಾಲು ಯಾಕೆ ಇಳೀತು?

ಹಸು ಹೊಟ್ಟೆ ತುಂಬ ತಿಂದಿದೆ.
ಆದ್ರೂ ಹಾಲು ಇಳಿದಿದೆ.
ಯಾಕೆ?

ನಮ್ಮ ಹೊಳಲೂರು ಕಡೆ ಭತ್ತದ ಸೀಮೆ.
ಕೊಯ್ಲು ಮುಗಿದ್ರೆ ಹುಲ್ಲಿನ ಬಣವೆಗೆ ಕೊರತೆ ಇಲ್ಲ.
ಆದ್ರೆ ಆ ಒಣಹುಲ್ಲಲ್ಲಿ ಪ್ರೋಟೀನ್ ಇರೋದು
ನೂರಕ್ಕೆ 3ರಿಂದ 4 ಭಾಗ, ಅಷ್ಟೇ.

ದೋಸೆ ಹಿಟ್ಟು ನೆನಪು ಮಾಡ್ಕೊಳ್ಳಿ.
ಬರೀ ಅಕ್ಕಿ ರುಬ್ಬಿಟ್ರೆ ಸರಿಯಾಗಿ ಉಬ್ಬಲ್ಲ.
ಉದ್ದು ಸೇರಬೇಕು.

ಹಸುವಿನ ಮೊದಲ ಹೊಟ್ಟೆಯಲ್ಲೂ ಹುಲ್ಲು ಹುದುಗಬೇಕು.
ಆ ಕೆಲಸ ಮಾಡೋದು ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು.
ಹುಲ್ಲು ಅಕ್ಕಿಯಾದ್ರೆ, ಹಿಂಡಿನೇ ಉದ್ದು.
ಪ್ರೋಟೀನ್ ಸಿಗದಿದ್ರೆ,
ತಿಂದ ಹುಲ್ಲೂ ಪೂರ್ತಿ ಜೀರ್ಣ ಆಗಲ್ಲ.

ಈಗ ಲೆಕ್ಕ.
400 ಕೆಜಿ ತೂಕದ ಮಿಶ್ರತಳಿ ಹಸು,
ದಿನಕ್ಕೆ 10 ಲೀಟರ್ ಹಾಲು ಅಂದ್ಕೊಳ್ಳಿ.
ದೇಹದ ಪೋಷಣೆಗೆ, ಹಿಂಡಿ ಬೆರೆತ ಪಶು ಆಹಾರ ಒಂದೂವರೆ ಕೆಜಿ.
ಹಾಲಿಗೆ, ಲೀಟರಿಗೆ 400 ಗ್ರಾಂ.
ಒಟ್ಟು ಐದೂವರೆ ಕೆಜಿ.
ಎರಡು ಹೊತ್ತಿಗೆ ಹಂಚಿ.
ಜೊತೆಗೆ ಸುಮಾರು 20 ಕೆಜಿ ಹಸಿಮೇವು,
ನಾಲ್ಕು ಕೆಜಿ ಒಣಹುಲ್ಲು.

ಮಿಲ್ಲಲ್ಲಿ ಸಿಗುತ್ತೆ ಅಂತ ಬರೀ ತೌಡು ಸುರೀಬೇಡಿ.
ತೌಡಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ.
ಭತ್ತದ ಹುಲ್ಲಲ್ಲಿರೋ ಆಕ್ಸಲೇಟ್,
ಇರೋ ಕ್ಯಾಲ್ಸಿಯಂನೂ ಹಿಡಿದಿಟ್ಕೊಳ್ಳುತ್ತೆ.
ಹಾಗಾಗಿ ಖನಿಜ ಮಿಶ್ರಣ ಒಂದು ದಿನವೂ ತಪ್ಪಿಸಬೇಡಿ.
ನನ್ನ ಕೇಳಿದ್ರೆ, ಮೊದಲು ಸರಿ ಮಾಡಬೇಕಾದ್ದು ಇದೇ.

ಮೇವು ಬದಲಿಸ್ತೀರಾ?
ಒಂದೇ ದಿನಕ್ಕೆ ಬೇಡ.
ವಾರ, ಹತ್ತು ದಿನ ತಗೊಂಡು, ಸ್ವಲ್ಪ ಸ್ವಲ್ಪ ಬದಲಿಸಿ.

ನಿಮ್ಮ ಹಸುವಿಗೇ ಹೊಂದೋ ಲೆಕ್ಕ ಬೇಕಾ?
ಹತ್ತಿರದ ಪಶು ಆಸ್ಪತ್ರೆಯಲ್ಲೋ,
ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಲ್ಲೋ ಕೇಳಿ.
ಹೋಗೋವಾಗ ಹಾಲಿನ ಅಳತೆ,
ಗಬ್ಬ ಆಗಿದ್ರೆ ಎಷ್ಟನೇ ತಿಂಗಳು,
ಈಗ ಹಾಕ್ತಿರೋ ಮೇವಿನ ತೂಕ,
ಮೂರನ್ನೂ ಬರ್ಕೊಂಡು ಹೋಗಿ.